ಎರಡು ಸಲ ತಟ್ಟಿ ಹನ್ನೊಂದು ಎಣಿಸುವುದು

ತೊಂಬತ್ತು ದಿನ, ಹತ್ತು ಜೀವಕೋಶ. ಷರತ್ತು ಇಷ್ಟೇ. ಕೇಳುವುದಕ್ಕೆ ಎಷ್ಟು ಸಲೀಸು ನೋಡಿ! ಇಲಿಯ ಮಿದುಳಿನಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ, ಅದರಲ್ಲಿ ಹತ್ತು ಹಿಡಿಯುವುದು ಯಾವ ದೊಡ್ಡ ವಿಷಯ ಅಂದುಕೊಂಡೇ ಸೂಜಿ ವಿಮಾನ ಹತ್ತಿದ್ದಳು. ಐವತ್ತೆಂಟನೇ ದಿನ ಸಂಜೆಗೆ ಅವಳು ಹಿಡಿದಿದ್ದ ಕೋಶಗಳ ಸಂಖ್ಯೆ ಸೊನ್ನೆ.

ಸೂಜಿ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಅಮ್ಮ ಟೈಲರ್, ಸ್ಕೂಲ್ ಯೂನಿಫಾರಂ ಹೊಲಿಯುವವಳು. ಮಗಳು ಹುಟ್ಟುವಾಗ ಸಣಕಲಾಗಿದ್ದಳು, ಮಾತು ಕಲಿತ ಮೇಲೆ ಕಂಡಕಂಡವರನ್ನು ಚುಚ್ಚತೊಡಗಿದಳು, ಹೀಗೆ ಎರಡೆರಡು ಕಾರಣಕ್ಕೆ ಆ ಹೆಸರು ಅಂಟಿಕೊಂಡಿತು. ಈಗ ಅವಳಿಗೆ ಇಪ್ಪತ್ತೇಳು. ಮಿದುಳಿನ ಮೇಲೆ ಪಿಎಚ್‌ಡಿ, ಮೂರನೇ ವರ್ಷ. ಪಿಎಚ್‌ಡಿ ಮಾಡುವವರನ್ನು ಪರದೇಶದ ಲ್ಯಾಬಿಗೆ ಮೂರು ತಿಂಗಳ ತರಬೇತಿಗೆ ಕಳಿಸುವ ಯೋಜನೆಯೊಂದಿತ್ತು. ಅದರಲ್ಲಿ ಇವಳ ಅರ್ಜಿ ಗೆದ್ದಾಗ ಅಮ್ಮ ಅಂಗಡಿಗೆ ಬಂದವರಿಗೆಲ್ಲ, "ನನ್ನ ಮಗಳು ಮಿದುಳು ರಿಪೇರಿ ಕಲಿಯೋಕೆ ಹೊರಟಿದ್ದಾಳೆ" ಅಂತ ಹೇಳಿಕೊಂಡಳು. ತಿದ್ದಿ ತಿದ್ದಿ ಸೂಜಿಗೆ ಸಾಕಾಗಿ ಕೊನೆಗೆ ಹೂಂ ಅಂದುಬಿಟ್ಟಳು.

ಕಲಿಯಬೇಕಿದ್ದ ವಿದ್ಯೆ ಹೀಗೆ: ಇಲಿಯ ಮಿದುಳನ್ನು ತೆಳ್ಳಗೆ ಹೆಚ್ಚಿ ಉಪ್ಪುನೀರಿನಲ್ಲಿಟ್ಟು, ಆಮ್ಲಜನಕದ ಗುಳ್ಳೆ ಬಿಟ್ಟು, ಕೆಲವು ಗಂಟೆ ಜೀವ ಹಿಡಿದಿಡುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಕೋಶವನ್ನು ಆರಿಸಿ, ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಬಾಯಿಯ ಗಾಜಿನ ಕೊಳವೆಯನ್ನು ತಿರುಪಿನಿಂದ ಇಳಿಸುತ್ತ ಇಳಿಸುತ್ತ ಅದಕ್ಕೆ ತಾಗಿಸಬೇಕು. ಕೊಳವೆಯ ಇನ್ನೊಂದು ತುದಿಗೆ ರಬ್ಬರ್ ನಳಿಕೆ, ಅದು ನಮ್ಮ ಬಾಯಲ್ಲಿ. ತಾಗಿದ ಕೂಡಲೇ ಚೂರೇ ಚೂರು ಗಾಳಿ ಎಳೆದುಕೊಳ್ಳಬೇಕು. ಕೋಶ ಗಾಜಿಗೆ ಕಚ್ಚಿಕೊಂಡರೆ ಗೆದ್ದಂತೆ, ಅದರ ವಿದ್ಯುತ್ತು ಕಂಪ್ಯೂಟರ್ ಪರದೆಯ ಮೇಲೆ ಗೆರೆಯಾಗಿ ಕುಣಿಯುತ್ತದೆ. ಜಾಸ್ತಿ ಎಳೆದರೆ ಕೋಶ ಒಡೆಯುತ್ತದೆ, ಕಡಿಮೆ ಎಳೆದರೆ ಜಾರುತ್ತದೆ, ಕೈ ಅಲುಗಿದರೆ ಕೊಳವೆಯೇ ಮುರಿಯುತ್ತದೆ. ಸೂಜಿ ಈ ಮೂರನ್ನೂ ಚೆನ್ನಾಗಿ ಕಲಿತಿದ್ದಳು.

ತಮಾಷೆಯ ಮಾತಲ್ಲ. ಊರಿನ ಲ್ಯಾಬಿನಲ್ಲಿ ಇಂಥದ್ದೇ ಯಂತ್ರವೊಂದು ನಾಲ್ಕು ವರ್ಷದಿಂದ ಹಳೇ ಬೆಡ್‌ಶೀಟ್ ಹೊದ್ದು ಮಲಗಿತ್ತು. ಓಡಾಡಿಕೊಂಡು ತರಿಸಿದವರು ಅವಳ ಗೈಡ್. ತರಿಸಿದ ಮೇಲೆ ಗೊತ್ತಾಗಿದ್ದೇನೆಂದರೆ ಅದನ್ನು ನಡೆಸುವುದಕ್ಕೆ ಅವರಿಗೂ ಬರುವುದಿಲ್ಲ, ಇನ್ನೊಬ್ಬರಿಗೂ ಬರುವುದಿಲ್ಲ. ಪಕ್ಕದ ದಂತ ವಿಭಾಗದವರು ಅದರ ಮೇಲೆ ಕಣ್ಣು ಹಾಕಿ ಕೂತಿದ್ದರು. ಈ ಸಲವೂ ಯಾರೂ ಕಲಿತು ಬರದಿದ್ದರೆ ಯಂತ್ರ ಆ ಕಡೆಗೆ ಹೋಗುತ್ತದೆ ಅಂತ ಡೀನ್ ಬರೆದೇ ಕೊಟ್ಟಿದ್ದರು. ಯಂತ್ರ ಹೋದರೆ ಸೂಜಿಯ ಪಿಎಚ್‌ಡಿಯೂ ಅದರ ಹಿಂದೆ ಹೋದಂತೆಯೇ.

"ನೋಡು," ಅಂದಿದ್ದರು ಗೈಡ್, ಹೊರಡುವ ಹಿಂದಿನ ದಿನ. "ಅಲ್ಲಿ ಕಲಿಸೋರು ಏನು ಮಾಡ್ತಾರೋ ಹಾಗೇ ಮಾಡು. ಸೀನಿದ್ರೆ ಸೀನಿದ್ರು ಅಂತ ಬರ್ಕೊ. ಯಾವ ಹೆಜ್ಜೆ ಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡೋಕೆ ನೀನ್ಯಾರು, ನಾನ್ಯಾರು?"

ಕಲಿಸುವವರಿಗೆ ಲ್ಯಾಬಿನಲ್ಲಿ ಇಟ್ಟಿದ್ದ ಹೆಸರು ಹತ್ತೂವರೆ. ಅರವತ್ತರ ಹತ್ತಿರದ ಮನುಷ್ಯ, ಡಾಕ್ಟರೇಟು ಗೀಕ್ಟರೇಟು ಏನೂ ಇಲ್ಲ, ಟೆಕ್ನಿಷಿಯನ್ ಆಗಿ ಸೇರಿ ಇಪ್ಪತ್ತೇಳು ವರ್ಷದಲ್ಲಿ ಡಾಕ್ಟರೇಟಿನವರಿಗೆಲ್ಲ ಕೋಶ ಹಿಡಿಯುವುದು ಕಲಿಸಿದವರು. ಬೆಳಿಗ್ಗೆ ಎಂಟಕ್ಕೇ ಬರುತ್ತಿದ್ದರು. ಆದರೆ ಯಂತ್ರದ ಮುಂದೆ ಕೂರುತ್ತಿದ್ದದ್ದು ಸರಿಯಾಗಿ ಹತ್ತೂವರೆಗೆ, ಏಳುತ್ತಿದ್ದದ್ದು ಹನ್ನೆರಡೂವರೆಗೆ. ಮಿಕ್ಕ ಹೊತ್ತು ಉಪ್ಪುನೀರು ಬೆರೆಸುವುದು, ಗಾಜಿನ ಕೊಳವೆ ತಯಾರಿಸುವುದು, ಯಾರ ಕಣ್ಣಿಗೂ ಬೀಳದೆ ಓಡಾಡುವುದು. ಸೂಜಿ ಅವರನ್ನು ಎದುರಿಗೆ ಸರ್ ಅನ್ನುತ್ತಿದ್ದಳು, ಫೋನಿನಲ್ಲಿ ಅಮ್ಮನ ಹತ್ತಿರ ಮೇಷ್ಟ್ರು ಅನ್ನುತ್ತಿದ್ದಳು.

ಯಂತ್ರವಿದ್ದದ್ದು ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ, ಕಪ್ಪು ಬಟ್ಟೆಯ ಪರದೆಯ ಹಿಂದೆ. ಗಾಳಿಯ ಒತ್ತಡದ ಮೇಲೆ ತೇಲುವ ದಪ್ಪ ಮೇಜು, ಯಾರಾದರೂ ಓಡಾಡಿದರೂ ಅದು ಅಲುಗಬಾರದು. ಗೋಡೆಗೆ ಕೆಂಪಕ್ಷರದ ಹಾಳೆ: ಮೇಜು ಮುಟ್ಟಬೇಡಿ. ಪರದೆಯೊಳಗೆ ಇಬ್ಬರಿಗೆ ಮಾತ್ರ ಜಾಗ, ಕಲಿಸುವವರಿಗೆ ಮತ್ತು ಕಲಿಯುವವರಿಗೆ. ಹೊರಗೆ ಇಪ್ಪತ್ತೆರಡು ಜನ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದರು. ಅವರೆಲ್ಲರೂ ಓದುತ್ತಿದ್ದದ್ದು ಒಂದೇ ವಿಷಯ: ಪಾರ್ಕಿನ್ಸನ್ ಕಾಯಿಲೆ, ಅಂದರೆ ಕೈನಡುಕದ ರೋಗದಲ್ಲಿ ಸಾಯುವ ಕೋಶಗಳು ಯಾಕೆ ಸಾಯುತ್ತವೆ ಅಂತ. ಅವರಿಗೆಲ್ಲ ಮುಖ್ಯಸ್ಥೆ ಹೆಡ್ ಮೇಡಂ. ಬುಧವಾರ ಆಸ್ಪತ್ರೆಯಲ್ಲಿ ಕೈ ನಡುಗುವ ರೋಗಿಗಳನ್ನು ನೋಡುವ ದೊಡ್ಡ ಡಾಕ್ಟರು, ಮಿಕ್ಕ ದಿನ ಇಲಿಗಳ ಕಡೆ.

ಐವತ್ತೆಂಟು ದಿನ ಸೂಜಿ ಪುಸ್ತಕದಲ್ಲಿದ್ದ ಹಾಗೆ ಮಾಡಿದಳು. ಮೇಜು ಮುಟ್ಟಲಿಲ್ಲ. ಉಸಿರು ಬಿಗಿಹಿಡಿದಳು. "ಬಿಸಿ ಹಾಲು ಗುಟುಕರಿಸೋ ಹಾಗೆ ಎಳಿ, ಶರಬತ್ತು ಹೀರೋ ಹಾಗಲ್ಲ" ಅಂತ ಮೇಷ್ಟ್ರು ಹೇಳಿದ್ದನ್ನು ನೂರು ಸಲ ನೆನಪಿಸಿಕೊಂಡಳು. ಕೋಶ ಒಡೆಯಿತು. ಕೋಶ ಜಾರಿತು. ಕೊಳವೆ ಮುರಿಯಿತು. ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಎರಡು ದಿನ ಅತ್ತಳು, ಮೂರನೇ ದಿನ ಅತ್ತರೆ ನೀರು ದಂಡ ಅಂತ ಸುಮ್ಮನಾದಳು.

ಐವತ್ತೊಂಬತ್ತನೇ ದಿನ ಗೈಡ್ ಹೇಳಿದ ಮಾತು ನೆನಪಾಯಿತು. ಅವತ್ತು ಕೊಳವೆ ಮುಟ್ಟದೆ, ಪೆನ್ನು ಹಿಡಿದು, ಫೋನಿನಲ್ಲಿ ವಿಡಿಯೋ ಹಾಕಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಮೇಷ್ಟ್ರ ಕೈ ನೋಡುತ್ತ ಕೂತಳು. ಎರಡು ತಿಂಗಳಿಂದ ಅವಳು ನೋಡುತ್ತಿದ್ದದ್ದು ಪರದೆ ಮೇಲಿನ ಗೆರೆಯನ್ನು, ಕೈಯನ್ನಲ್ಲ. ಕೈ ನೋಡಿದರೆ ಆಶ್ಚರ್ಯ! ಮೇಷ್ಟ್ರು ಮೇಜು ಮುಟ್ಟುತ್ತಿದ್ದರು. ಮುಟ್ಟುವುದೇನು, ತಿರುಪಿಗೆ ಕೈ ಹಾಕುವ ಮುಂಚೆ ಬಲಗೈ ಗೆಣ್ಣಿನಿಂದ ಮೇಜಿನ ಅಂಚಿಗೆ ಎರಡು ಸಲ ಟಕ್ ಟಕ್ ಅಂತ ತಟ್ಟುತ್ತಿದ್ದರು. ಆಮೇಲೆ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು. ತುಟಿ ಅಲುಗುತ್ತಿತ್ತು, ಹನ್ನೊಂದರವರೆಗೆ ಎಣಿಸುತ್ತಿದ್ದರು. ಆಮೇಲೆಯೇ ತಿರುಪು, ಆಮೇಲೆಯೇ ಗುಟುಕು. ಪ್ರತಿ ಸಲವೂ ಹೀಗೇ. ಕೋಶ ಕಚ್ಚಿಕೊಳ್ಳುತ್ತಿತ್ತು.

ಅವಳು ಬರೆದುಕೊಂಡಳು. ಮೊದಲ ಐದು ಹೆಜ್ಜೆ ಪುಸ್ತಕದಲ್ಲಿದ್ದವೇ. ಆರನೇ ಹೆಜ್ಜೆ: ಕೆಲಸ ಹತ್ತೂವರೆಯಿಂದ ಹನ್ನೆರಡೂವರೆಯೊಳಗೆ ಮಾತ್ರ. ಏಳನೇ ಹೆಜ್ಜೆ: ಮೇಜನ್ನು ಎರಡು ಸಲ ತಟ್ಟುವುದು. ಎಂಟು: ಮಣಿಕಟ್ಟು ಹಿಡಿದು ಹನ್ನೊಂದು ಎಣಿಸುವುದು.

ಅರವತ್ತೊಂದನೇ ದಿನ ಹತ್ತು ಮುಕ್ಕಾಲಿಗೆ ಅವಳು ತಟ್ಟಿದಳು, ಹಿಡಿದಳು, ಎಣಿಸಿದಳು, ಗುಟುಕರಿಸಿದಳು. ಕೋಶ ಗಬಕ್ಕನೆ ಕಚ್ಚಿಕೊಂಡಿತು. ಪರದೆ ಮೇಲೆ ಗೆರೆ ಕುಣಿಯಿತು. ಸೂಜಿ ನಳಿಕೆ ಬಾಯಲ್ಲಿಟ್ಟುಕೊಂಡೇ ಕಿರುಚಿದಳು, ಕೋಶ ಒಡೆದುಹೋಯಿತು. ಆದರೂ ಲೆಕ್ಕಕ್ಕೆ ಸಿಕ್ಕಿತು. ಮೇಷ್ಟ್ರು ದಾಖಲೆ ಪುಸ್ತಕದಲ್ಲಿ ಒಂದು ಅಂತ ಬರೆದು ಸಹಿ ಹಾಕಿದರು. ಅವಳು ತಟ್ಟಿದ್ದನ್ನೂ ಹಿಡಿದದ್ದನ್ನೂ ಅವರು ನೋಡಿದ್ದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು.

ಅವತ್ತೇ ಅವಳು ಹೆಜ್ಜೆಗಳ ಪಟ್ಟಿಯನ್ನು ಗೈಡ್‌ಗೆ ಕಳಿಸಿದಳು, ಜೊತೆಗೆ ಕಾರಣಗಳನ್ನೂ ಸೇರಿಸಿದಳು. ಓದಿದವಳಲ್ಲವೇ, ಕಾರಣ ಇಲ್ಲದಿದ್ದರೆ ಹೇಗೆ? ಮಿದುಳಿನ ಚೂರು ಹೆಚ್ಚಿದ ಆಘಾತದಿಂದ ಸುಧಾರಿಸಿಕೊಳ್ಳಲು ಹತ್ತೂವರೆಯವರೆಗೆ ಸಮಯ ಬೇಕು. ತಟ್ಟಿದಾಗ ಮೇಜಿನೊಳಗೆ ಉಳಿದಿರುವ ಸಣ್ಣ ಕಂಪನಗಳು ಒಟ್ಟಿಗೆ ಹೊರಟುಹೋಗುತ್ತವೆ. ಗೈಡ್ ಓದಿ ಕುಣಿದಾಡಿದರು. ಮರುದಿನವೇ ಬೆಡ್‌ಶೀಟ್ ತೆಗೆಸಿ, ಅಲ್ಲಿದ್ದ ಐದು ಜನ ವಿದ್ಯಾರ್ಥಿಗಳನ್ನು ಕೂರಿಸಿ ಬರೀ ಮೇಜಿನ ಮೇಲೆ ಅಭ್ಯಾಸ ಶುರುಮಾಡಿಸಿದರು. "ತಟ್ಟುವುದರಲ್ಲೇ ಎಲ್ಲಾ ಇದೆ," ಅಂತ ಉತ್ತರ ಬರೆದರು. ನಾಲ್ಕು ವರ್ಷದಲ್ಲಿ ಅವರು ಇಷ್ಟು ಖುಷಿಯಾಗಿ ಬರೆದ ಕಾಗದ ಬೇರೆ ಇರಲಿಲ್ಲ.

ಮೂರು ವಾರದಲ್ಲಿ ಕೋಶಗಳು ಎಂಟಾದವು. ಒಂದು ಭಾನುವಾರ ಮಧ್ಯಾಹ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ನೋಡಮ್ಮ ನಮ್ಮ ಮೇಷ್ಟ್ರ ಕೈಚಳಕ ಅಂತ ಐವತ್ತೊಂಬತ್ತನೇ ದಿನದ ಆ ವಿಡಿಯೋ ಕಳಿಸಿದಳು. ಅಮ್ಮ ಹೊಲಿಗೆ ಮೆಷೀನು ನಿಲ್ಲಿಸಿ, ಕನ್ನಡಕ ಹಾಕಿಕೊಂಡು ನೋಡಿದಳು. ಎರಡನೇ ಸಲ ನೋಡಿದಳು.

"ಪಾಪ, ಕೈ ನಡುಗುತ್ತಲ್ಲೇ ಅವರಿಗೆ," ಅಂದಳು.

"ನಡುಕ ಅಲ್ಲಮ್ಮ, ಅದು ಪದ್ಧತಿ. ಮೇಜಿನ ಕಂಪನ ಹೋಗೋಕೆ ತಟ್ಟೋದು."

"ನನಗೆ ಕತ್ತರಿ ಹಿಡಿಯೋದು ಕಲಿಸಿದ ಮಾಸ್ಟರ್ ಗೊತ್ತಲ್ಲ ನಿನಗೆ? ಅವರೂ ಕೊನೇಕೊನೆಗೆ ಹೀಗೇ. ಬಟ್ಟೆ ಕತ್ತರಿಸೋ ಮುಂಚೆ ಹಲಗೆ ಮೇಲೆ ಒಂದೆರಡು ಸಲ ಕೈ ಕುಟ್ಟೋರು, ಈ ಕೈಲಿ ಆ ಕೈ ಹಿಡ್ಕೊಳ್ಳೋರು. ಗಿರಾಕಿಗಳ ಮುಂದೆ ಕತ್ತರಿ ಮುಟ್ಟುತ್ತಾನೇ ಇರಲಿಲ್ಲ."

"ಅಮ್ಮ, ಇಲ್ಲಿ ಇಪ್ಪತ್ತೆರಡು ಜನ ಕೈ ನಡುಗೋ ಕಾಯಿಲೆ ಮೇಲೇ ಓದ್ತಿದ್ದಾರೆ. ಅವರಿಗೆ ಗೊತ್ತಾಗಲ್ವಾ?"

"ಓದ್ತಿದ್ದಾರೆ ಸರಿ. ಆ ಮನುಷ್ಯನ ಕಡೆ ಯಾರಾದ್ರೂ ನೋಡಿದ್ದಾರಾ?" ಅಂದಳು ಅಮ್ಮ. ಆಮೇಲೆ ಕಾಲರು ಬಾಕಿ ಇದೆ ಅಂತ ಫೋನ್ ಇಟ್ಟಳು.

ಸೂಜಿಗೆ ಸಿಟ್ಟು ಬಂತು. ಕಾಲರ್ ಹೊಲಿಯುವವರೂ ಈಗ ಮಿದುಳಿನ ವಿಷಯ ಹೇಳತೊಡಗಿದರಲ್ಲ ಅಂತ ಗೊಣಗಿಕೊಂಡೇ ವಿಡಿಯೋ ಮತ್ತೆ ಹಾಕಿದಳು. ನಿಧಾನಗತಿಯಲ್ಲಿ ಹಾಕಿದಳು. ತಟ್ಟುವ ಮುಂಚೆ ಆ ಹೆಬ್ಬೆರಳು, ತೋರುಬೆರಳು ಏನೋ ಕಾಳು ಉರುಳಿಸುವ ಹಾಗೆ ಒಂದರ ಮೇಲೊಂದು ಆಡುತ್ತಿದ್ದವು. ಅವಳು ಓದಿದ ಪಠ್ಯಪುಸ್ತಕದಲ್ಲಿ ಈ ಕಾಯಿಲೆಯ ಪಾಠದ ಮೊದಲ ಪುಟದಲ್ಲೇ ಇದರ ಚಿತ್ರವಿತ್ತು, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ದಾಖಲೆ ಪುಸ್ತಕ ತೆಗೆದು ಸಹಿಗಳನ್ನು ನೋಡಿದಳು. ಮೊದಲ ದಿನ ತರಬೇತಿಯ ಒಪ್ಪಂದದ ಮೇಲೆ ಹಾಕಿದ್ದು ಅರ್ಧ ಗೆರೆ ತುಂಬಿತ್ತು. ಒಂದನೇ ಕೋಶದ್ದು ಅದಕ್ಕಿಂತ ಚಿಕ್ಕದು, ಎಂಟನೆಯದು ಇನ್ನೂ ಚಿಕ್ಕದು, ಒಂದೊಂದರಲ್ಲೂ ಕೊನೆಯ ಅಕ್ಷರಗಳು ಮುದುಡಿಕೊಂಡಿದ್ದವು. ಅಕ್ಷರ ಚಿಕ್ಕದಾಗುವುದೂ ಪುಸ್ತಕದಲ್ಲಿತ್ತು, ಎರಡನೇ ಪುಟದಲ್ಲಿ.

ಸೋಮವಾರ ಒಂಬತ್ತಕ್ಕೆ ಮೇಷ್ಟ್ರು ಕೊಳವೆ ತಯಾರಿಸುವ ಸಣ್ಣ ಕೋಣೆಯಲ್ಲಿ ಒಬ್ಬರೇ ಇದ್ದರು. ಸೂಜಿ ಒಳಗೆ ಹೋಗಿ ಬಾಗಿಲು ಹಾಕಿದಳು.

"ಸರ್, ನಿಮ್ಮ ಸಹಿ ಚಿಕ್ಕದಾಗ್ತಾ ಇದೆ."

"ಜಾಗ ಉಳಿಸ್ತಿದ್ದೀನಿ," ಅಂದರು ಮೇಷ್ಟ್ರು, ತಿರುಗದೆ.

"ಸರ್."

ಅವರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. "ಯಾರು ಹೇಳಿದ್ರು?"

"ನಮ್ಮಮ್ಮ. ವಿಡಿಯೋ ನೋಡಿ."

"ಡಾಕ್ಟರಾ?"

"ಟೈಲರ್."

"ಹಾಗಿದ್ರೆ ಗೊತ್ತಾಗದೆ ಇರುತ್ತಾ," ಅಂದರು. ಸ್ಟೂಲು ಎಳೆದು ಕೂತರು. "ಹದಿನಾಲ್ಕು ತಿಂಗಳಾಯ್ತಮ್ಮ. ಬೇರೆ ಊರಿಗೆ ಹೋಗಿ ತೋರಿಸ್ಕೊಂಡೆ. ಇಲ್ಲಿ ತೋರಿಸಿದ್ರೆ ಮೇಡಂ ಕೈಗೇ ಹೋಗಿ ಬೀಳ್ತೀನಿ. ಒಂಬತ್ತು ಮುಕ್ಕಾಲಿಗೆ ಮಾತ್ರೆ ನುಂಗ್ತೀನಿ, ಹತ್ತೂವರೆಗೆ ಹತ್ತುತ್ತೆ, ಎರಡು ಗಂಟೆ ಇರುತ್ತೆ."

"ಹಾಗಾದ್ರೆ ಕೋಶಗಳು ಸುಧಾರಿಸ್ಕೊಳ್ಳೋಕೆ ಹತ್ತೂವರೆ ಆಗ್ಬೇಕು ಅಂತ ನಾನು…"

"ಕೋಶಕ್ಕೇನು ಗಡಿಯಾರ ಗೊತ್ತಾ? ಸುಧಾರಿಸ್ಕೊಳ್ಳೋನು ನಾನು."

ಸೂಜಿ ತಲೆ ಮೇಲೆ ಕೈಯಿಟ್ಟುಕೊಂಡಳು. "ಮತ್ತೆ ತಟ್ಟೋದು?"

"ತಟ್ಟಿದ್ರೆ ಕೈ ಒಂದು ಗಳಿಗೆ ನಡುಗೋದು ಮರೆಯುತ್ತೆ. ಮಣಿಕಟ್ಟು ಹಿಡಿದ್ರೆ ಇನ್ನೊಂದು ಗಳಿಗೆ. ತಟ್ಟಿದ್ದಕ್ಕೆ ಮೇಜು ಅಲುಗಿರುತ್ತಲ್ಲ, ಅದು ನಿಲ್ಲೋಕೆ ಹನ್ನೊಂದು ಎಣಿಸ್ಬೇಕು. ಹತ್ತಕ್ಕೆ ನಿಲ್ಲಲ್ಲ, ನೋಡಿದ್ದೀನಿ."

"ನನ್ನ ಕೈ ನಡುಗಲ್ಲ ಸರ್. ನನಗ್ಯಾಕೆ ಅದು ಕೆಲಸ ಮಾಡ್ತು?"

"ನಿನಗೆ ಆತುರ. ಎರಡು ತಿಂಗಳಲ್ಲಿ ಹನ್ನೊಂದು ಎಣಿಸುವಷ್ಟು ಹೊತ್ತು ನೀನು ಸುಮ್ಮನೆ ಕೂತಿದ್ದು ಅದೇ ಮೊದಲು."

"ಸರ್, ಇನ್ನೊಂದು ವಿಷಯ," ಅಂದಳು ಸೂಜಿ. "ಪಟ್ಟಿ ಊರಿಗೆ ಕಳಿಸ್ಬಿಟ್ಟಿದ್ದೀನಿ. ಅಲ್ಲಿ ಐದು ಜನ ದಿನಾ ಹತ್ತೂವರೆಗೆ ಮೇಜು ತಟ್ಟಿ ಮಣಿಕಟ್ಟು ಹಿಡ್ಕೊಂಡು ಕೂರ್ತಿದ್ದಾರೆ."

ಮೇಷ್ಟ್ರು ಅವಳನ್ನೇ ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು ಒರೆಸಿಕೊಳ್ಳಲು ಹೋದರೆ ಕೈ ನಡುಗಿ ಕನ್ನಡಕ ಕೆಳಗೆ ಬಿತ್ತು. ಸೂಜಿ ಎತ್ತಿಕೊಟ್ಟಳು.

"ಮೇಡಂ ಒಳ್ಳೆಯವರು," ಅಂದರು ಮೇಷ್ಟ್ರು. "ಅದೇ ತೊಂದರೆ. ಗೊತ್ತಾದ್ರೆ ಕರುಣೆಯಿಂದ ಯಂತ್ರದಿಂದ ಎಬ್ಬಿಸ್ತಾರೆ. ಬೈದು ಎಬ್ಬಿಸಿದ್ರೆ ಜಗಳ ಆಡ್ಬಹುದು, ಕರುಣೆ ಜೊತೆ ಏನಂತ ಜಗಳ ಆಡೋದು? ನಡುವೆ ನಾನು ಎದ್ದುಹೋದ್ರೆ ನಿನ್ನ ತರಬೇತಿಯೂ ರದ್ದು, ನಿಯಮ ಹಾಗಿದೆ. ನೀನೇ ಕೊನೆಯವಳು. ನಿನ್ನ ಹತ್ತು ಆಗ್ಲಿ, ಆಮೇಲೆ ನಾನೇ ಹೋಗಿ ಹೇಳ್ತೀನಿ. ಅಲ್ಲೀವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರ್ತೀಯಾ?"

ಹೆಚ್ಚುಕಡಿಮೆ ಮೂರು ತಿಂಗಳು ಈ ಮನುಷ್ಯನ ಪಕ್ಕ ಕೂತು ಅವರ ಕೋಶ ನೋಡಿದೆನೇ ಹೊರತು ಅವರನ್ನು ನೋಡಲಿಲ್ಲವಲ್ಲ ಅಂತ ಸೂಜಿಗೆ ತನ್ನ ಮೇಲೇ ಅಸಹ್ಯವಾಯಿತು. ಹೂಂ ಅಂತ ತಲೆಯಾಡಿಸಿದಳು.

ಒಂಬತ್ತನೇ ಕೋಶ ಎಂಬತ್ತನಾಲ್ಕನೇ ದಿನ ಸಿಕ್ಕಿತು. ಉಳಿದದ್ದು ಒಂದು. ಅದನ್ನು ಹೆಡ್ ಮೇಡಂ ಎದುರಿಗೇ ಹಿಡಿಯಬೇಕಿತ್ತು. ತರಬೇತಿಯ ಕೊನೆಗೆ ಕಲಿಸಿದವರು ಒಂದು, ಕಲಿತವರು ಒಂದು ಹಿಡಿದು ತೋರಿಸಬೇಕು, ಮುಖ್ಯಸ್ಥರು ಕಣ್ಣಾರೆ ಕಂಡು ಸಹಿ ಹಾಕಬೇಕು, ನಿಯಮ. ಮೇಷ್ಟ್ರು ಹತ್ತೂವರೆಗೆ ಇಟ್ಟುಕೊಳ್ಳೋಣ ಅಂದರು. "ಅವತ್ತು ಬೆಳಿಗ್ಗೆ ನನಗೆ ಮೀಟಿಂಗ್ ಇದೆ," ಅಂದರು ಮೇಡಂ. "ಎಲ್ಲರೂ ಒಟ್ಟಿಗೆ ಊಟ ಮಾಡೋಣ, ಈ ಹುಡುಗಿಯನ್ನ ಬೀಳ್ಕೊಟ್ಟ ಹಾಗೂ ಆಗುತ್ತೆ. ಅದು ಮುಗಿಸ್ಕೊಂಡು ಮೂರು ಗಂಟೆಗೆ."

ಹೊಟ್ಟೆ ತುಂಬ ಉಂಡ ಮೇಲೆ ಆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಇದು ಸೂಜಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಊಟದ ಮೇಜಿನಲ್ಲಿ ಮೇಡಂ ತಾವೇ ನಿಂತು ಬಡಿಸಿದರು. ಬೇಡ ಅಂದರೆ ಬಿಡುವ ಹೆಂಗಸೇ ಅಲ್ಲ. ಮೇಷ್ಟ್ರು ಎಡಗೈಯಲ್ಲಿ ಚಮಚ ಹಿಡಿದು ತಿಂದರು, ಬಲಗೈ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ಮೂರು ಗಂಟೆಗೆ ಪರದೆಯೊಳಗೆ ಮೂರು ಕುರ್ಚಿ ತುರುಕಿದರು. ಮೇಡಂ ಹಿಂದೆ ಕೂತು ಕನ್ನಡಕ ಏರಿಸಿಕೊಂಡರು. ಮೇಷ್ಟ್ರು ಯಂತ್ರದ ಮುಂದೆ ಕೂತು ಗಾಜಿನ ಕೊಳವೆಯನ್ನು ಅದರ ಹಿಡಿಗೆ ಸಿಕ್ಕಿಸಲು ಹೋದರು. ಗಾಜು ಲೋಹಕ್ಕೆ ತಾಗಿ ಟಿಣ್ ಅಂದಿತು. ಮತ್ತೆ ಟಿಣ್. ಮೂರನೇ ಟಿಣ್‌ಗೆ ಕೊಳವೆ ಮುರಿಯಿತು. ಮೇಷ್ಟ್ರು ಇನ್ನೊಂದು ತೆಗೆದುಕೊಂಡರು. ಅವರ ಕುತ್ತಿಗೆಯ ಹಿಂದೆ ಬೆವರು ಮೂಡಿತ್ತು.

"ಸರ್," ಅಂದಳು ಸೂಜಿ. "ಮೊದಲು ನಾನು ಮಾಡ್ತೀನಿ. ನಿಮ್ಮದು ನೋಡಿದ ಮೇಲೆ ಮಾಡೋಕೆ ನನಗೆ ಭಯ ಆಗುತ್ತೆ."

ಮೇಷ್ಟ್ರು ಏಳಲಿಲ್ಲ. ಅವಳ ಮುಖ ನೋಡಿದರು. ಆಮೇಲೆ ಎದ್ದು ಪಕ್ಕದ ಕುರ್ಚಿಗೆ ಹೋಗಿ, ಎರಡೂ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡರು.

ಅವಳು ಕೊಳವೆ ಸಿಕ್ಕಿಸಿದಳು, ಕೋಶ ಆರಿಸಿದಳು, ನಳಿಕೆ ಕಚ್ಚಿಕೊಂಡಳು. ಈಗ ಎರಡು ದಾರಿ ಇದ್ದವು. ಸುಮ್ಮನೆ ಮನಸ್ಸಿನಲ್ಲೇ ಹನ್ನೊಂದು ಎಣಿಸಿ ತಿರುಪು ತಿರುಗಿಸಬಹುದಿತ್ತು. ಕೋಶವೂ ಸಿಗುತ್ತಿತ್ತು, ಮೇಡಂ ಕಣ್ಣಿಗೆ ವಿಚಿತ್ರವಾದದ್ದೇನೂ ಬೀಳುತ್ತಲೂ ಇರಲಿಲ್ಲ. ಆದರೆ ಮುಂದಿನ ಸರದಿ ಮೇಷ್ಟ್ರದ್ದು, ಅವರು ಮೇಜು ತಟ್ಟುವುದನ್ನು ಮೇಡಂ ನೋಡಿದರೆ? ಅದೊಂದು ಪದ್ಧತಿ ಅಂತ ಮೊದಲೇ ಅವರ ಕಣ್ಣಿಗೆ ಬಿದ್ದಿರಲಿ. ಅವಳು ಗೆಣ್ಣು ಮಡಚಿ, ಮೇಡಂಗೆ ಕೇಳುವ ಹಾಗೆ, ಕೆಂಪಕ್ಷರದ ಹಾಳೆಯ ಕೆಳಗೇ ಮೇಜನ್ನು ಎರಡು ಸಲ ತಟ್ಟಿದಳು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದಳು. ತುಟಿ ಅಲುಗಿಸುತ್ತ ಹನ್ನೊಂದು ಎಣಿಸಿದಳು. ಗುಟುಕರಿಸಿದಳು. ಹತ್ತನೇ ಕೋಶ ಕಚ್ಚಿಕೊಂಡಿತು, ಗೆರೆ ಕುಣಿಯಿತು. ಈ ಸಲ ಅವಳು ಕಿರುಚಲಿಲ್ಲ.

"ಈ ತಟ್ಟೋದು, ಮಣಿಕಟ್ಟು ಹಿಡಿಯೋದು ಏನಿದು?" ಕೇಳಿದರು ಮೇಡಂ.

"ಸರ್ ಪದ್ಧತಿ ಮೇಡಂ. ಏಳನೇ ಹೆಜ್ಜೆ, ಎಂಟನೇ ಹೆಜ್ಜೆ." ಪಟ್ಟಿಯ ಪ್ರತಿ ಕೊಟ್ಟಳು. "ಇದಿಲ್ಲದೆ ಐವತ್ತೆಂಟು ದಿನ ಒಂದೂ ಸಿಗಲಿಲ್ಲ. ಇದರಿಂದ ಹತ್ತು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೇಡಂ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. "ಆರನೇ ಹೆಜ್ಜೆ," ಅಂದರು. "ಹತ್ತೂವರೆಯಿಂದ ಹನ್ನೆರಡೂವರೆಯೊಳಗೆ ಮಾತ್ರ ಅಂತಿದೆ. ಈಗ ಮೂರೂಕಾಲು. ನಿನಗೆ ಸಿಕ್ತಲ್ಲ?"

ಸೂಜಿ ಎಲ್ಲ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. "ಆ ಹೆಜ್ಜೆ ನನ್ನ ತಪ್ಪು ಮೇಡಂ. ತಿದ್ದುತ್ತೀನಿ."

ಮೇಡಂ ಮುರಿದುಬಿದ್ದ ಗಾಜಿನ ಚೂರುಗಳನ್ನು ನೋಡಿದರು. ಕೋಟಿನ ಜೇಬುಗಳನ್ನು ನೋಡಿದರು. ಬಲಗಡೆಯ ಜೇಬು ಅಲುಗುತ್ತಿತ್ತು. ಗೆರೆ ಪರದೆಯ ಮೇಲೆ ತನ್ನ ಪಾಡಿಗೆ ಕುಣಿಯುತ್ತಲೇ ಇತ್ತು.

"ಬೇಡ, ಹಾಗೇ ಇರಲಿ," ಅಂದರು ಮೇಡಂ, ಪೆನ್ನು ತೆಗೆಯುತ್ತ. "ಕಲಿಸಿದವರದ್ದೂ ಒಂದು ನೋಡ್ಬೇಕು ಅಂತ ನಿಯಮ. ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀನಿ, ನೋಡಿದೆ ಅಂತ ಬರೀತೀನಿ." ಸಹಿ ಹಾಕಿ ಎದ್ದರು. ಪರದೆ ಸರಿಸಿ, ಮೇಷ್ಟ್ರ ಕಡೆ ತಿರುಗಿದರು.

"ಬುಧವಾರ ಆಸ್ಪತ್ರೆಗೆ ಬನ್ನಿ, ಒಂಬತ್ತಕ್ಕೆ. ಬೆಳಗಿನ ಮಾತ್ರೆ ತಗೊಳ್ಳದೆ ಬನ್ನಿ, ಅದಿಲ್ಲದೆ ಹೇಗಿದೆ ಅಂತ ನೋಡ್ಬೇಕು." ಒಂದು ಕ್ಷಣ ಅಲ್ಲೇ ನಿಂತರು. "ನನ್ನ ಹತ್ರ ಮೊದಲೇ ಬರಬಾರದಿತ್ತಾ?" ಅಂದರು. ಉತ್ತರಕ್ಕೆ ಕಾಯದೆ ಹೋದರು.

ಮೇಷ್ಟ್ರು ದಾಖಲೆ ಪುಸ್ತಕ ಎಳೆದುಕೊಂಡು ಹತ್ತು ಅಂತ ಬರೆದು, ಎಡಗೈಯಿಂದ ಮಣಿಕಟ್ಟು ಹಿಡಿದು ಸಹಿ ಹಾಕಿದರು. ಅದು ಎಷ್ಟು ಚಿಕ್ಕದಾಗಿ ಬಂತೆಂದರೆ ಅವಳು ವಾಪಸು ಹೋದ ಮೇಲೆ ಊರಿನ ಆಫೀಸಿನ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು, "ಇದು ಸಹಿಯೋ, ಇರುವೆಯೋ?" ಅಂತ ಕೇಳಿದ. ಸಹಿಯೇ ಅಂತ ಸೂಜಿ ಬರೆದುಕೊಡಬೇಕಾಯಿತು.

ಯಂತ್ರ ಉಳಿಯಿತು. ದಂತ ವಿಭಾಗದವರು ಪೆಚ್ಚುಮೋರೆ ಹಾಕಿಕೊಂಡು ಹೋದರು. ಹಳೇ ಬೆಡ್‌ಶೀಟ್ ಈಗ ಯಂತ್ರದ ಸುತ್ತ ಪರದೆಯಾಗಿತ್ತು. ಸೂಜಿ ಬಂದು ಆ ಐದು ಜನಕ್ಕೆ ಕಲಿಸತೊಡಗಿ ತಿಂಗಳಾದ ಮೇಲೆ ಗೈಡ್ ಮುಂದೆ ಕೂತು, ಆರು, ಏಳು, ಎಂಟನೇ ಹೆಜ್ಜೆಗಳು ಎಲ್ಲಿಂದ ಬಂದವು ಅಂತ ಬಿಡಿಸಿ ಹೇಳಿದಳು. ಗೈಡ್ ವಿದ್ಯಾರ್ಥಿಗಳ ದಾಖಲೆ ಪುಸ್ತಕ ತೆರೆದು ನೋಡಿದರು. ಆಮೇಲೆ, "ಐದರಲ್ಲಿ ನಾಲ್ಕು ಜನಕ್ಕೆ ಕೋಶ ಸಿಕ್ತಿದೆ. ಯಾವ ಹೆಜ್ಜೆಯನ್ನೂ ಮುಟ್ಟಬೇಡ," ಅಂದರು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರೇ ವಿಡಿಯೋ ಕಾಲ್ ಮಾಡಿದರು. ಯಂತ್ರದ ಮುಂದೆ ಅವರು ಈಗ ಕೂರುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಬಾಯಲ್ಲೇ ಕಲಿಸುತ್ತಿದ್ದರಂತೆ, ಮೇಡಂ ವ್ಯವಸ್ಥೆ. ಫೋನನ್ನು ಅವರ ಹೆಂಡತಿ ಹಿಡಿದುಕೊಂಡಿದ್ದರು.

"ನಿಮ್ಮ ಲ್ಯಾಬ್ ತೋರಿಸಮ್ಮ," ಅಂದರು ಮೇಷ್ಟ್ರು.

ಇಲ್ಲಿ ಹತ್ತೂವರೆಯಾಗಿತ್ತು. ಸೂಜಿ ಬೆಡ್‌ಶೀಟ್ ಸರಿಸಿ ಫೋನನ್ನು ಒಳಕ್ಕೆ ಹಿಡಿದಳು. ಯಂತ್ರದ ಮುಂದಿದ್ದ ವಿದ್ಯಾರ್ಥಿನಿ ಮೇಜನ್ನು ಎರಡು ಸಲ ತಟ್ಟಿದಳು. ಸರದಿಗೆ ಕಾಯುತ್ತಿದ್ದ ನಾಲ್ವರೂ ಅಭ್ಯಾಸಬಲದಿಂದ ತಂತಮ್ಮ ತೊಡೆ ತಟ್ಟಿಕೊಂಡರು. ಐದೂ ಜನ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದರು. ಕಲ್ಲಿನ ಹಾಗೆ ಅಲುಗದ ಹತ್ತು ಕೈಗಳು. ಐದು ಜೊತೆ ತುಟಿ ಹನ್ನೊಂದರವರೆಗೆ ಅಲುಗಿದವು.

ಸೂಜಿ ಫೋನು ತಿರುಗಿಸಿ ನೋಡಿದರೆ ಮೇಷ್ಟ್ರು ಅಳುತ್ತಿದ್ದರು. ಅವರ ಹೆಂಡತಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಅವರ ಕಣ್ಣು ಒರೆಸುತ್ತಿದ್ದರು.

"ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟಲ್ಲ ಅಂತ ಎಲ್ಲಾ ಪುಸ್ತಕದಲ್ಲೂ ಬರೆದಿದ್ದಾರೆ ಕಣಮ್ಮ," ಅಂದರು ಮೇಷ್ಟ್ರು. "ತಿದ್ದೋಕೆ ಹೇಳ್ಬೇಕು."